ಬೇಯಿಸಿದರೆ ಪೋಷಕಾಂಶವೆಲ್ಲ ಹೋಗುತ್ತದೆಯೇ?

ನೀವು ಕೇಳಿರುವುದು ಮೂರು: ತರಕಾರಿ ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎನ್ನುವುದು ನಿಜವೇ, ಪ್ರೆಷರ್ ಕುಕ್ಕರ್ ಕೆಟ್ಟದ್ದೇ, ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬಹುದೇ. ಕೊನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಹಾಕಬೇಡಿ. ಕಾರಣ ಮುಂದೆ ಬರುತ್ತದೆ. ಉಳಿದೆರಡಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಪೋಷಕಾಂಶಗಳಲ್ಲಿ ಕೆಲವಕ್ಕೆ ಬಿಸಿ ಆಗದು, ಕೆಲವಕ್ಕೆ ನೀರು ಆಗದು, ಕೆಲವಕ್ಕೆ ಬೆಳಕು ಆಗದು. ಇನ್ನು ಕೆಲವು ಬೇಯಿಸದಿದ್ದರೆ ಮೈಗೇ ಹತ್ತುವುದಿಲ್ಲ.

ಮೊದಲು ಹೋಗದೇ ಇರುವುದರ ಲೆಕ್ಕ. ಪ್ರೋಟೀನು, ಪಿಷ್ಟ, ಕೊಬ್ಬು, ನಾರು ಇವು ಸಾಧಾರಣ ಅಡುಗೆಯಲ್ಲಿ ಮಾಯವಾಗುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಸತು, ಪೊಟ್ಯಾಸಿಯಂ ಮೂಲಧಾತುಗಳು. ಎಷ್ಟು ಕಾಯಿಸಿದರೂ ನಾಶವಾಗುವುದಿಲ್ಲ. ಆದರೆ ಬೇಯಿಸಿದ ನೀರಿಗೆ ಇಳಿಯುತ್ತವೆ, ಬಸಿದು ಚೆಲ್ಲಿದರೆ ಅದರೊಂದಿಗೆ ಹೋಗುತ್ತವೆ. ನಿಜಕ್ಕೂ ಪೆಟ್ಟು ತಿನ್ನುವವು ವಿಟಮಿನ್ ಸಿ, ಫೋಲೇಟ್ (ಅಂದರೆ ಬಿ9) ಮತ್ತು ಥಯಮಿನ್ (ಅಂದರೆ ಬಿ1). ಇವು ನೀರಿಗೂ ಇಳಿಯುತ್ತವೆ, ಬಿಸಿಗೂ ಒಡೆಯುತ್ತವೆ. ಸೊಪ್ಪನ್ನು ತುಂಬ ನೀರಿನಲ್ಲಿ ಕುದಿಸಿ ಬಸಿದರೆ ವಿಟಮಿನ್ ಸಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಕಳೆದುಹೋಗಬಹುದು. ಅದೇ ಸೊಪ್ಪನ್ನು ಹಬೆಯಲ್ಲಿ ಬೇಯಿಸಿದರೆ ನಷ್ಟ ಸಾಕಷ್ಟು ಕಡಿಮೆ. ಹಬೆಯೂ 100 ಡಿಗ್ರಿಯೇ ಅಲ್ಲವೇ? ಅಂದಮೇಲೆ ದೊಡ್ಡ ಪಾಲು ಹೋಗಿದ್ದು ಬಿಸಿಗಲ್ಲ, ಚೆಲ್ಲಿದ ನೀರಿಗೆ.

ಹಾಗಾಗಿ ನಾನು ಮೊದಲು ನೋಡಿ ಎನ್ನುವುದು ಪಾತ್ರೆಯಲ್ಲಿ ನೀರು ಎಷ್ಟಿದೆ ಎಂಬುದನ್ನು. ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಿರಿ. ಹೆಚ್ಚಿದ್ದನ್ನು ನೀರಿನಲ್ಲಿ ನೆನೆಯಲು ಬಿಡಬೇಡಿ. ತುಂಡುಗಳು 3–4 ಸೆಂ.ಮೀ. ಇರಲಿ, ಸಣ್ಣಗಾದಷ್ಟೂ ನೀರಿಗೂ ಗಾಳಿಗೂ ಸಿಗುವ ಮೈ ಹೆಚ್ಚು. ಅಗಲ ಪಾತ್ರೆಯ ತಳದಲ್ಲಿ 2 ಸೆಂ.ಮೀ. ನೀರು, ಅದರ ಮೇಲೆ ನೀರಿಗೆ ತಾಗದಂತೆ ತೂತಿನ ತಟ್ಟೆ. ನೀರು ಚೆನ್ನಾಗಿ ಕುದಿ ಬಂದ ಮೇಲೆಯೇ ತರಕಾರಿ ಇಟ್ಟು ಮುಚ್ಚಿ. ತಣ್ಣಗಿರುವಾಗಲೇ ಇಟ್ಟು ನಿಧಾನಕ್ಕೆ ಕಾಯಿಸಬಾರದು, ಯಾಕೆಂದರೆ ಹೆಚ್ಚಿದಾಗ ಜೀವಕೋಶ ಒಡೆದು ಹೊರಬರುವ ಕಿಣ್ವವೊಂದು ವಿಟಮಿನ್ ಸಿಯನ್ನು ಗಾಳಿಯ ಆಮ್ಲಜನಕದೊಂದಿಗೆ ಕೂಡಿಸಿ ಹಾಳುಮಾಡುತ್ತದೆ. ಉಗುರುಬೆಚ್ಚಗಿನ ಹಂತದಲ್ಲಿ ಅದು ಚುರುಕಾಗಿರುತ್ತದೆ, ಒಮ್ಮೆಲೇ ಜೋರು ಬಿಸಿ ತಾಗಿದರೆ ನಿಷ್ಕ್ರಿಯವಾಗುತ್ತದೆ. ಹೂಕೋಸು, ಬ್ರೊಕೊಲಿಗೆ 5 ನಿಮಿಷ, ಎಳೆ ಹುರುಳಿಕಾಯಿಗೆ 6ರಿಂದ 8, ಪಾಲಕ್‌ಗೆ 2 ನಿಮಿಷ ಸಾಕು. ಚಾಕು ಚುಚ್ಚಿದರೆ ಒಳಗೆ ಸ್ವಲ್ಪ ತಡೆ ಸಿಗಬೇಕು. ಬಣ್ಣ ಮಾಸಿ ಮೆತ್ತಗಾದರೆ ಹೊತ್ತು ಮೀರಿತೆಂದೇ ಅರ್ಥ. ಮೈಕ್ರೋವೇವ್‌ನಲ್ಲಿ ಎರಡು ಮೂರು ಚಮಚ ನೀರು ಚಿಮುಕಿಸಿ ಮುಚ್ಚಿ ಬೇಯಿಸಿದರೂ ಫಲಿತಾಂಶ ಹೀಗೆಯೇ. ಅದರ ಬಗ್ಗೆ ಇರುವ ಭಯಕ್ಕೆ ಆಧಾರವಿಲ್ಲ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ.

ಕೋಸಿನ ಜಾತಿಯಲ್ಲಿ ಮಾತ್ರ ಒಂದು ತಕರಾರಿದೆ. ಬ್ರೊಕೊಲಿಯಲ್ಲಿ ಸಲ್ಫೊರಾಫೇನ್ ಎಂಬ ಉಪಯುಕ್ತ ಸಂಯುಕ್ತ ಹುಟ್ಟುವುದೂ ಹೆಚ್ಚಿದಾಗ ಹೊರಬರುವ ಇನ್ನೊಂದು ಕಿಣ್ವದಿಂದಲೇ, ಅದೂ ಬಿಸಿಗೆ ಕೆಡುತ್ತದೆ. ಹೆಚ್ಚಿ ಅರ್ಧ ಗಂಟೆ ಬಿಟ್ಟು ಬೇಯಿಸಿದರೆ ಅದು ಹೆಚ್ಚು ಸಿಗುತ್ತದೆ, ವಿಟಮಿನ್ ಸಿ ಒಂದಿಷ್ಟು ಕಡಿಮೆಯಾಗುತ್ತದೆ. ಸಿ ಬೇರೆ ಹಣ್ಣಿನಿಂದ ಬರುತ್ತಿದ್ದರೆ ಕಾಯುವುದು ಲಾಭ.

ಕುಕ್ಕರಿನ ವಿಷಯ. ಒಳಗೆ ಸುಮಾರು 120 ಡಿಗ್ರಿ ಇರುತ್ತದೆ ನಿಜ, ಆದರೆ ಹೊತ್ತು ಕಡಿಮೆ, ನೀರು ಕಡಿಮೆ, ಗಾಳಿಯನ್ನು ಹಬೆ ಮೊದಲೇ ಹೊರದೂಡಿರುತ್ತದೆ. ಕಾಳುಗಳಿಗೆ ಅದಕ್ಕಿಂತ ಒಳ್ಳೆಯ ಪಾತ್ರೆಯಿಲ್ಲ. ಎಡವಟ್ಟಾಗುವುದು ಕಾಳಿನ ಜೊತೆಗೇ ಹೆಚ್ಚಿದ ತರಕಾರಿಯನ್ನೂ ತುಂಬಿ ನಾಲ್ಕು ಸೀಟಿ ಕೂಗಿಸಿದಾಗ. ಕಾಳಿಗೆ ಬೇಕಾದ ಹೊತ್ತು ತರಕಾರಿಗೆ ಮಿತಿಮೀರಿದ ಹೊತ್ತು. ಕಾಳು ಬೆಂದ ಮೇಲೆ ಮುಚ್ಚಳ ತೆಗೆದು ತರಕಾರಿ ಹಾಕಿ, ಹಾಗೇ ಕುದಿಸಿ. ಒಮ್ಮೆ ಬೆಂದದ್ದನ್ನು ಗಂಟೆಗಟ್ಟಲೆ ಬಿಸಿಯಾಗಿಡುವುದು, ಮತ್ತೆ ಮತ್ತೆ ಕಾಯಿಸುವುದು ಕುಕ್ಕರಿಗಿಂತ ದೊಡ್ಡ ಶತ್ರು.

ಇನ್ನು ಸೋಡಾ. ಕಾಳಿನ ಕೋಶಗಳನ್ನು ಒಟ್ಟಿಗೆ ಹಿಡಿದಿರುವ ಪೆಕ್ಟಿನ್ ಕ್ಷಾರದಲ್ಲಿ ಬೇಗ ಕರಗುತ್ತದೆ, ಅದಕ್ಕೇ ಕಾಳು ಮೆತ್ತಗಾಗುವುದು. ಆದರೆ ಥಯಮಿನ್ ಕ್ಷಾರವನ್ನು ತಡೆಯುವುದಿಲ್ಲ, ವಿಟಮಿನ್ ಸಿಯೂ ಅಷ್ಟೆ. ಬೇಳೆಕಾಳು ಥಯಮಿನ್‌ನ ಒಳ್ಳೆಯ ಮೂಲ. ಸೋಡಾ ಹಾಕಿದರೆ ಆ ಲಾಭದಲ್ಲೇ ಕಡಿತ. ಸೊಪ್ಪು ಹಸಿರಾಗಿ ಕಾಣಲೆಂದು ಹಾಕುವುದಂತೂ ಶುದ್ಧ ಮೋಸ, ಬಣ್ಣ ಉಳಿಯುತ್ತದೆ, ಸತ್ವ ಹೋಗುತ್ತದೆ. ಸೋಡಾದ ಕೆಲಸವನ್ನು ಉಪ್ಪು ಮಾಡುತ್ತದೆ: ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಉಪ್ಪು ಕರಗಿಸಿ ಕಾಳನ್ನು 8ರಿಂದ 12 ಗಂಟೆ ನೆನೆಹಾಕಿ, ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಸಿಪ್ಪೆಯಲ್ಲಿ ಪೆಕ್ಟಿನ್ನನ್ನು ಬಿಗಿಹಿಡಿದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ಹುಣಸೆಹುಳಿ, ಟೊಮೆಟೊ ಇತ್ಯಾದಿಗಳನ್ನು ಕಾಳು ಪೂರ್ತಿ ಬೆಂದ ಮೇಲೆ ಹಾಕಿ. ಹುಳಿಯಲ್ಲಿ ಪೆಕ್ಟಿನ್ ಕರಗುವುದು ನಿಧಾನ. ಇಷ್ಟಾದರೂ ಬೇಯದಿದ್ದರೆ ಕಾಳು ಹಳೆಯದು ಅಥವಾ ನೀರು ಗಡಸು.

ನೆನೆಹಾಕಿದ ನೀರಿನಲ್ಲಿ ಒಂದಿಷ್ಟು ಬಿ ವಿಟಮಿನ್ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹೋಗುತ್ತದೆ. ಜೊತೆಗೆ ಹೊಟ್ಟೆಯುಬ್ಬರ ತರುವ ಸಕ್ಕರೆಗಳೂ, ಕಬ್ಬಿಣ ಮತ್ತು ಸತುವನ್ನು ಕಟ್ಟಿಹಾಕುವ ಫೈಟೇಟ್‌ನ ಒಂದು ಪಾಲೂ ಹೋಗುತ್ತವೆ. ನನ್ನ ಲೆಕ್ಕದಲ್ಲಿ ಇಡಿ ಕಾಳಿಗೆ ಇದು ಒಪ್ಪುವ ವ್ಯಾಪಾರ. ಒಡೆದ ಬೇಳೆಗೆ ನೆನೆಸುವ ಅಗತ್ಯವೇ ಇಲ್ಲ. ಮೊಳಕೆ ಬರಿಸಿದರೂ ಹಿಟ್ಟನ್ನು ಹುದುಗಿಸಿದರೂ ಫೈಟೇಟ್ ಇನ್ನಷ್ಟು ಇಳಿಯುತ್ತದೆ. ಮೊಳಕೆಯಲ್ಲಿ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ ಕೂಡ. ಆದರೆ ಮೊಳಕೆಗೆ ಬೇಕಾದ ತೇವ, ಬೆಚ್ಚನೆ ಎರಡೂ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೂ ಇಷ್ಟ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಅದನ್ನು ಬೇಯಿಸಿಯೇ ತಿನ್ನಲಿ.

ರಾಜ್ಮಾದಲ್ಲಿ ಮಾತ್ರ ರಾಜಿಯಿಲ್ಲ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ಎಷ್ಟು ಜೋರೆಂದರೆ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ ಅರ್ಧ ಗಂಟೆ ಜೋರಾಗಿ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಸಣ್ಣ ಉರಿ. ಕುಕ್ಕರಾದರೆ ಚಿಂತೆಯಿಲ್ಲ. ಅಪಾಯ ಇರುವುದು ಸ್ಲೋ ಕುಕ್ಕರಿನಲ್ಲಿ: 80 ಡಿಗ್ರಿಯ ಆಸುಪಾಸಿನ ಮಂದ ಬಿಸಿ ಆ ವಿಷವನ್ನು ಇಳಿಸುವ ಬದಲು ಹೆಚ್ಚಿಸಬಲ್ಲದು.

ಎಲ್ಲವನ್ನೂ ಹಸಿಯಾಗಿ ತಿನ್ನಿ ಎನ್ನುವವರು ಮರೆಯುವ ಇನ್ನೂ ಕೆಲವಿವೆ. ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್, ಟೊಮೆಟೊದ ಲೈಕೋಪಿನ್ ಎಂಬ ಬಣ್ಣದ ಪೋಷಕಾಂಶಗಳು ಕೋಶದ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತವೆ. ಬೇಯಿಸಿದಾಗ ಗೋಡೆ ಸಡಿಲಾಗಿ ಬಿಡುಗಡೆಯಾಗುತ್ತವೆ, ಹೀರಿಕೊಳ್ಳಲು ಅದೇ ಊಟದಲ್ಲಿ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂನಷ್ಟು ಎಣ್ಣೆ ಬೇಕು. ಎಣ್ಣೆಯೇ ಇಲ್ಲದ ಕ್ಯಾರೆಟ್ ಸಲಾಡಿನಿಂದ ಸಿಗುವುದು ಅಲ್ಪ. ಮೊಟ್ಟೆಯ ಪ್ರೋಟೀನು ಬೆಂದಾಗ ಶೇ. 90ರಷ್ಟು ಜೀರ್ಣವಾದರೆ ಹಸಿಯಾಗಿದ್ದಾಗ ಸುಮಾರು ಅರ್ಧ ಮಾತ್ರ. ಮೇಲಾಗಿ ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಎಂಬ ಬಿ ವಿಟಮಿನ್ನನ್ನು ಕಟ್ಟಿಹಾಕುತ್ತದೆ.

ಪಾಲಕ್ ಬಗ್ಗೆ ಒಂದು ಮಾತು. ಅದರಲ್ಲಿ ಕ್ಯಾಲ್ಸಿಯಂ ತುಂಬ ಇದೆ ಎಂದು ಪಟ್ಟಿಗಳು ಹೇಳುತ್ತವೆ. ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಸಂಯುಕ್ತ ಅದನ್ನು ಹಿಡಿದಿಟ್ಟಿರುವುದರಿಂದ ದೇಹಕ್ಕೆ ದಕ್ಕುವುದು ಶೇ. 5ರ ಹತ್ತಿರ, ಹಾಲಿನಲ್ಲಿ ಶೇ. 30ರ ಹತ್ತಿರ. ಕ್ಯಾಲ್ಸಿಯಂಗಾಗಿ ಪಾಲಕ್ ತಿನ್ನಬೇಡಿ, ಫೋಲೇಟ್‌ಗಾಗಿ ತಿನ್ನಿ. ಕಬ್ಬಿಣಾಂಶದ ಕಥೆಯೂ ಇದೇ ಬಗೆಯದು: ಸಸ್ಯಾಹಾರದ ಕಬ್ಬಿಣ ದಕ್ಕುವುದು ಕಡಿಮೆ, ಜೊತೆಯಲ್ಲಿ ಏನು ತಿಂದಿರಿ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಅದೇ ಊಟದಲ್ಲಿ 50 ಮಿ.ಗ್ರಾಂನಷ್ಟು ವಿಟಮಿನ್ ಸಿ ಇದ್ದರೆ ಹೀರುವಿಕೆ ಎರಡು ಪಟ್ಟಿಗೂ ಏರಬಹುದು. ಇದಕ್ಕೆ ನಿಂಬೆ ಹಿಂಡಿದರೆ ಸಾಕು ಎನ್ನುತ್ತಾರೆ, ಆದರೆ ಒಂದು ದೊಡ್ಡ ಚಮಚ ನಿಂಬೆರಸದಲ್ಲಿ ಇರುವುದು 6 ಮಿ.ಗ್ರಾಂ ಅಷ್ಟೆ. ಒಂದು ಕಿತ್ತಳೆ, ಅರ್ಧ ಸೀಬೆಹಣ್ಣು ಅಥವಾ ಹಸಿ ಕೆಂಪು ಕ್ಯಾಪ್ಸಿಕಂನ ಕೆಲವು ತುಂಡು ಬೇಕು. ಕಾಫಿ, ಟೀಯನ್ನು ಊಟದಿಂದ ಕನಿಷ್ಠ ಒಂದು ಗಂಟೆ ದೂರವಿಡಿ, ಅವುಗಳ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಬಿಡುವುದಿಲ್ಲ.

ಅಕ್ಕಿಯ ಥಯಮಿನ್ ತೌಡಿನಲ್ಲಿದೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯಂಥ, ಅಂದರೆ ಥಯಮಿನ್ ಕೊರತೆಯ ನರರೋಗದಂಥ ಕಾಯಿಲೆ ಬರುವುದನ್ನು 1890ರ ದಶಕದಲ್ಲಿ ಜಾವಾದಲ್ಲಿ ಗುರುತಿಸಿದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಥಯಮಿನ್ ಕಾಳಿನೊಳಕ್ಕೆ ಇಳಿಯುವುದರಿಂದ ಪಾಲಿಶ್ ಮಾಡಿದ ಮೇಲೂ ಒಂದಿಷ್ಟು ಉಳಿಯುತ್ತದೆ. ಬಿಳಿ ಅಕ್ಕಿಯನ್ನು ಐದಾರು ಸಲ ಉಜ್ಜಿ ತೊಳೆದರೆ ಇರುವ ಸ್ವಲ್ಪವೂ ಹೋಗುತ್ತದೆ. ಒಂದೆರಡು ಸಲ ಸಾಕು. ನೀರಿನಲ್ಲಿ ಆರ್ಸೆನಿಕ್ ಇರುವ ಕಡೆ ಬೆಳೆದ ಅಕ್ಕಿಯಾದರೆ ಲೆಕ್ಕ ತಿರುಗುತ್ತದೆ, ಶುದ್ಧ ನೀರನ್ನೇ ಹೆಚ್ಚು ಹಾಕಿ ಬೇಯಿಸಿ ಬಸಿಯುವುದೇ ಮೇಲು.

ಹಾಲನ್ನು ಪಾರದರ್ಶಕ ಬಾಟಲಿಯಲ್ಲಿ ಬಿಸಿಲಿಗಿಡಬೇಡಿ, ಬೆಳಕಿಗೆ ರೈಬೊಫ್ಲೇವಿನ್, ಅಂದರೆ ಬಿ2, ಕೆಡುತ್ತದೆ. ಅಯೋಡಿನ್ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಆದಷ್ಟು ಕೊನೆಯಲ್ಲಿ ಹಾಕಿ.

ತರಕಾರಿ ಬೇಯಿಸಿದ ನೀರನ್ನು ಸೂಪಿಗೋ ಹಿಟ್ಟು ಕಲಸಲೋ ಬಳಸಿ ಎಂದು ಧಾರಾಳವಾಗಿ ಹೇಳುತ್ತೇನೆ, ಆದರೆ ಮನೆಯಲ್ಲಿ ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿರುವವರಿದ್ದರೆ ಇಡೀ ಸಲಹೆಯನ್ನು ತಿರುಗಿಸಿ ಓದಬೇಕು. ಅವರ ತರಕಾರಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಲೇಬೇಕು. ಹಬೆ, ಮೈಕ್ರೋವೇವ್, ಸಿಪ್ಪೆ ಸಮೇತದ ಆಲೂಗಡ್ಡೆ ಅವರಿಗೆ ಬೇಡ. ದಿನಕ್ಕೆ ಎಷ್ಟು ತಿನ್ನಬಹುದು ಎಂಬುದನ್ನು ಅವರ ರಕ್ತಪರೀಕ್ಷೆ ನೋಡಿದ ವೈದ್ಯರೇ ಹೇಳಬೇಕು.