ಇಸುಬಿರುವ ಮುಖಕ್ಕೆ ರೇಜರ್ ಹಿಡಿಯುವುದು ಹೇಗೆ?

ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 24 ವರ್ಷ, ಕಾಫಿ ತೋಟದಲ್ಲಿ ಕೆಲಸ. ಚಿಕ್ಕಂದಿನಲ್ಲಿ ಮೊಣಕೈ ಮಡಿಕೆಯಲ್ಲಿದ್ದ ಇಸುಬು ಈಗ ದವಡೆಗೂ ಕುತ್ತಿಗೆಗೂ ಬಂದಿದೆ. ಬೆಳಿಗ್ಗೆ ಮೈಸೋಪನ್ನೇ ಹಚ್ಚಿ ಶೇವ್ ಮಾಡಿ, ಕೊನೆಗೆ ಪಟಿಕ ಉಜ್ಜುತ್ತೇನೆ. ಅರ್ಧ ಗಂಟೆಗೆ ಉರಿ, ಮರುದಿನ ಹೊಟ್ಟು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನಕ್ಕೆ ಮಾಯ, ಬಿಟ್ಟರೆ ಮೊದಲಿಗಿಂತ ಜೋರು. ಏನು ಮಾಡಲಿ? — ಓದುಗರು, ಮೂಡಿಗೆರೆ

ಉತ್ತರ: ಮೊದಲು ಆ ಟ್ಯೂಬಿನ ಹಿಂಬದಿ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂದಿದ್ದರೆ ಅದು ತೀಕ್ಷ್ಣ ಸ್ಟೀರಾಯ್ಡ್. ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ ಹೊಂದುವ ಔಷಧಿಯನ್ನು ಮುಖದ ತೆಳು ಚರ್ಮಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಬಿಟ್ಟ ಕೂಡಲೇ ಉರಿ ಮರುಕಳಿಸುತ್ತದೆ. ನಿಮಗೆ ಆಗುತ್ತಿರುವುದು ಇದೇ ಇರಬಹುದು. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಟ್ಯೂಬನ್ನು ಜೇಬಿನಲ್ಲಿ ಇಟ್ಟುಕೊಂಡೇ ಚರ್ಮವೈದ್ಯರ ಹತ್ತಿರ ಹೋಗಿ. ಮುಖಕ್ಕೆ ಸಾಮಾನ್ಯವಾಗಿ ಶೇ 1ರ ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯ ಮುಲಾಮನ್ನು ಕೆಲವೇ ದಿನಗಳಿಗೆ ಬರೆಯುತ್ತಾರೆ, ಇಲ್ಲವೇ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಕೊಡುತ್ತಾರೆ. ತೋರುಬೆರಳಿನ ತುದಿಗೆಣ್ಣಿನ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.

ಇನ್ನು ಸೋಪು, ಪಟಿಕ. ಆರೋಗ್ಯವಂತ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಿದ್ದರೆ ಕ್ಷಾರ) ಸುಮಾರು 5, ಸಾಮಾನ್ಯ ಮೈಸೋಪಿನದು 9ರಿಂದ 10. ಇಸುಬಿರುವವರ ಚರ್ಮದ ಮೇಲ್ಪದರ ಮೊದಲೇ ಸಡಿಲ, ನೀರು ಹಿಡಿದಿಟ್ಟುಕೊಳ್ಳಲಾರದು. ಇದ್ದಬದ್ದ ಜಿಡ್ಡನ್ನೂ ಸೋಪು ತೊಳೆಯುತ್ತದೆ, ಮೇಲೆ ಬ್ಲೇಡು ಹೆರೆಯುತ್ತದೆ, ಹೆರೆದ ಜಾಗವನ್ನು ಪಟಿಕ ಬಿಗಿದು ಒಣಗಿಸುತ್ತದೆ. ಗಾಯದ ರಕ್ತ ನಿಲ್ಲಿಸಲು ಪಟಿಕ ಒಳ್ಳೆಯದೇ. ಇಡೀ ಮುಖಕ್ಕೆ ಉಜ್ಜುವ ವಸ್ತುವಲ್ಲ. ಆಲ್ಕೋಹಾಲ್ ಇರುವ, ಸುವಾಸನೆಯ ಆಫ್ಟರ್‌ಶೇವ್ ಕೂಡ ಬೇಡ.

ನೀರು ಒಸರುತ್ತಿದ್ದರೆ, ಚರ್ಮ ಸೀಳಿದ್ದರೆ ಆ ಜಾಗಕ್ಕೆ ಬ್ಲೇಡು ಮುಟ್ಟಿಸಲೇಬಾರದು. ಅದು ಆರುವವರೆಗೆ ಟ್ರಿಮ್ಮರಿಗೆ ಬಾಚಣಿಗೆ ಸಿಕ್ಕಿಸಿ 1 ಮಿ.ಮೀ. ಕೂದಲು ಉಳಿಸಿ ಕತ್ತರಿಸಿ. ನುಣ್ಣಗೆ ಕಾಣುವುದಿಲ್ಲ, ಆದರೆ ಕೆಲಸದ ಜಾಗಕ್ಕೆ ಸಾಕು.

ಆರಿದ ಮೇಲೆ ಶೇವ್ ಮಾಡುವುದಾದರೆ ಬೆಳಿಗ್ಗೆಯ ಬದಲು ರಾತ್ರಿ ಮಾಡಿ. ಬೆಳಿಗ್ಗೆ ಹೆರೆದ ಮುಖಕ್ಕೆ ಬೆವರು, ತೋಟದ ದೂಳು, ಗದ್ದದ ಕೆಳಗೆ ಉಜ್ಜುವ ಹೆಲ್ಮೆಟ್ ಪಟ್ಟಿ ಎಲ್ಲವೂ ಒಟ್ಟಿಗೆ ಬೀಳುತ್ತವೆ. ರಾತ್ರಿಯಾದರೆ ಏಳೆಂಟು ಗಂಟೆ ವಿರಾಮ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಸಿಂಪಡಿಸುವ ದಿನವಂತೂ ಶೇವ್ ಮಾಡಿಕೊಂಡು ತೋಟಕ್ಕಿಳಿಯಬೇಡಿ.

ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ಗಡ್ಡ ನೆನೆಸಿ. ಹಂಡೆಯ ಸುಡುನೀರು ನವೆ ಹೆಚ್ಚಿಸುತ್ತದೆ. ಸುವಾಸನೆಯಿಲ್ಲದ ಶೇವಿಂಗ್ ಕ್ರೀಮು ಅಥವಾ ಜೆಲ್ಲನ್ನು ಕೈಯಿಂದಲೇ ಹಚ್ಚಿ (ಬ್ರಶ್ಶಿನ ಗಡಸು ಕೂದಲು ಕೆರೆಯುತ್ತದೆ), ಇನ್ನೆರಡು ನಿಮಿಷ ಬಿಡಿ. ಒಂದು ಅಥವಾ ಎರಡು ಬ್ಲೇಡಿನ ರೇಜರ್ ಸಾಕು. ಐದು ಬ್ಲೇಡಿನದರಲ್ಲಿ ಮುಂದಿನ ಬ್ಲೇಡು ಕೂದಲನ್ನು ಎಳೆಯುತ್ತದೆ, ಹಿಂದಿನವು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತವೆ. ಚೂಪಾದ ತುದಿ ಒಳಗೇ ಬೆಳೆದು ಗುಳ್ಳೆಯಾಗುತ್ತದೆ. ಚರ್ಮವನ್ನು ಜಗ್ಗದೆ, ಒತ್ತದೆ, ಕೂದಲು ಮಲಗಿರುವ ದಿಕ್ಕಿಗೇ ಎಳೆಯಿರಿ. ಕುತ್ತಿಗೆಯಲ್ಲಿ ಈ ದಿಕ್ಕು ಎಡಕ್ಕೊಂದು ಬಲಕ್ಕೊಂದು ಇರುತ್ತದೆ, ಮೊದಲು ಬೆರಳಿನಿಂದ ಸವರಿ ನೋಡಿ. ಎರಡು ಮೂರು ಎಳೆತಕ್ಕೊಮ್ಮೆ ರೇಜರ್ ತೊಳೆಯಿರಿ. ನೊರೆ ಹೋದ ಜಾಗಕ್ಕೆ ಮತ್ತೆ ಬ್ಲೇಡು ಆಡಿಸುವುದೇ ಉರಿಗೆ ದೊಡ್ಡ ಕಾರಣ.

ತಣ್ಣೀರಿನಲ್ಲಿ ತೊಳೆದು, ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೂರು ನಿಮಿಷದೊಳಗೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಬಿಳಿ ಪೆಟ್ರೋಲಿಯಂ ಜೆಲ್ಲಿಯೂ ಆದೀತು. ಸೀಳಿಲ್ಲದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಆದರೆ ಶೇವ್ ಆದ ಮೇಲೆ. ಮೊದಲೇ ಹಚ್ಚಿದರೆ ಜಿಡ್ಡು ಬ್ಲೇಡಿನ ಸಂದಿಗೆ ತುಂಬುತ್ತದೆ. ಬ್ಲೇಡನ್ನು ನಾಲ್ಕೈದು ಶೇವಿಗೆ ಬದಲಿಸಿ. ಮೂಡಿಗೆರೆಯ ಮಳೆಗಾಲದಲ್ಲಿ ಬಚ್ಚಲಿನಲ್ಲಿಟ್ಟ ರೇಜರ್ ಒಣಗುವುದೇ ಇಲ್ಲ, ಕೊಡವಿ ಹೊರಗಿಡಿ.

ಒಂದು ಅನುಮಾನ ಉಳಿಯುತ್ತದೆ. ಕಣ್ಣಿನ ರೆಪ್ಪೆ, ಕಿವಿಯ ಹಿಂಭಾಗದಲ್ಲೂ ಇಸುಬು ಇದೆಯೇ? ಅಲ್ಲಿಗೆ ಯಾರೂ ರೇಜರ್ ಹಾಕುವುದಿಲ್ಲ. ಅಲ್ಲೂ ಇದ್ದರೆ ಗಾಳಿಯಲ್ಲಿ ಬರುವ ಕಾಂಗ್ರೆಸ್ ಗಿಡದ (ಪಾರ್ಥೇನಿಯಂ) ಕಣಗಳ ಅಲರ್ಜಿ ಇರಬಹುದು. ಪ್ಯಾಚ್ ಟೆಸ್ಟ್ (ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಿದರೆ ತಿಳಿಯುತ್ತದೆ. ಮೂಗಿನ ಪಕ್ಕ, ಹುಬ್ಬಿನಲ್ಲಿ ಹಳದಿ ಜಿಡ್ಡಿನ ಹೊಟ್ಟಿದ್ದರೆ ಅದು ಬೇರೆಯದೇ ಕಾಯಿಲೆ, ಅದಕ್ಕೆ ಎಣ್ಣೆ ಆಗದು. ಜ್ವರದ ಜೊತೆ ಒತ್ತೊತ್ತಾಗಿ ನೀರುಗುಳ್ಳೆ ಎದ್ದು ನೋವಿದ್ದರೆ ಇಸುಬಿನ ಮೇಲೆ ಹರ್ಪಿಸ್ ಸೋಂಕು ತಗುಲಿರಬಹುದು. ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕಾಲಿನಲ್ಲಿ, ಕಂಕುಳಲ್ಲಿ ಇಸುಬಿದೆ. ರೇಜರ್ ಬದಲು ಕೂದಲು ತೆಗೆಯುವ ಕ್ರೀಮು ಬಳಸಬಹುದೇ? — ಓದುಗರು, ಅರಸೀಕೆರೆ

ಉತ್ತರ: ಬೇಡ ತಾಯಿ. ಆ ಕ್ರೀಮು ಕೂದಲನ್ನು ಕರಗಿಸುವಷ್ಟು ಕ್ಷಾರ. ಇಸುಬಿನ ಚರ್ಮವನ್ನು ಸುಡುತ್ತದೆ. ವ್ಯಾಕ್ಸಿಂಗೂ ಮೇಲ್ಪದರ ಕಿತ್ತುಕೊಂಡು ಬರುತ್ತದೆ. ಟ್ರಿಮ್ಮರ್ ಒಳ್ಳೆಯದು. ಕಂಕುಳು ಶೇವ್ ಮಾಡಿದ ದಿನ ಡಿಯೋಡರೆಂಟ್ ಹಾಕಬೇಡಿ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ನೊರೆ ಬಾರದೆ ಬಿಳಿ ಕಸವಾಗಿ ಚರ್ಮಕ್ಕೆ ಅಂಟುತ್ತದೆ. ಹಿಡಿದಿಟ್ಟ ಮಳೆನೀರೋ ಕುದಿಸಿ ಆರಿಸಿ ಬಸಿದ ನೀರೋ ಎರಡು ಚೊಂಬು ಇದ್ದರೆ ಕೊನೆಯ ತೊಳೆತಕ್ಕೆ ಸಾಕು.

ಪ್ರಶ್ನೆ: ನನ್ನದು ಕಟಿಂಗ್ ಶಾಪ್. ಇಸುಬಿರುವ ಗಿರಾಕಿ ಬಂದರೆ ಶೇವ್ ಮಾಡಬಹುದೇ? ಬೇರೆಯವರಿಗೆ ಅಂಟುತ್ತದೆಯೇ? — ಓದುಗರು, ಬೇಲೂರು

ಉತ್ತರ: ಇಸುಬು ಅಂಟುವುದಿಲ್ಲ. ಅದಕ್ಕಾಗಿ ಯಾರನ್ನೂ ವಾಪಸ್ ಕಳಿಸಬೇಡಿ. ಹೊಸ ಬ್ಲೇಡು, ತೊಳೆದ ಕೈ, ಒಗೆದ ಟವೆಲ್; ಬ್ರಶ್ ಬೇಡ, ಕ್ರೀಮನ್ನು ಗಿರಾಕಿಯೇ ತಂದರೆ ಉತ್ತಮ. ಕೊನೆಗೆ ಪಟಿಕ, ಲೋಷನ್, ಡೆಟಾಲ್ ನೀರು ಯಾವುದೂ ಬೇಡ, ಬರೀ ತಣ್ಣೀರು. ಮಧ್ಯ ತಿಳಿಯಾಗಿ, ಅಂಚು ಉಬ್ಬಿ, ಬಳೆಯಂತೆ ದುಂಡಗೆ ಹರಡುವ ಕಲೆ ಕಂಡರೆ ಮಾತ್ರ ಅದು ಹುಳುಕಡ್ಡಿ ಇರಬಹುದು. ಅದು ಅಂಟುತ್ತದೆ, ಬ್ಲೇಡು ಆಡಿಸಿದರೆ ಮುಖವೆಲ್ಲ ಹರಡುತ್ತದೆ. ಅಂಥವರಿಗೆ, "ಅಣ್ಣಾ, ಇದನ್ನು ಮೊದಲು ಡಾಕ್ಟರಿಗೆ ತೋರಿಸಿ, ವಾಸಿಯಾದ ಮೇಲೆ ನಾನೇ ಮಾಡಿಕೊಡುತ್ತೇನೆ" ಎಂದು ಹೇಳಿ ಕಳಿಸಿ.