ಬಾರ್ನಬನೂ ಎದ್ದು ಹೋದ ಪಂಕ್ತಿ

ಪತ್ರ: ‘ನಮ್ಮ ಸಭೆಯ ಯುವಕರು ಭಾನುವಾರ ಕೈಯೆತ್ತಿ ಹಾಡುತ್ತಾರೆ, ವಾಟ್ಸಾಪ್ ಸ್ಟೇಟಸ್ಸಿಗೆ ದಿನಕ್ಕೊಂದು ವಚನ ಹಾಕುತ್ತಾರೆ. ಶನಿವಾರ ರಾತ್ರಿ ನೋಡಿದರೆ ಕ್ರೈಸ್ತರೆಂದು ಹೇಳುವಂತಿರುವುದಿಲ್ಲ. ಈ ಕಪಟದ ಬಗ್ಗೆ ಖಾರವಾಗಿ ಬರೆಯಿರಿ.’
— ಸಭೆಯ ಹಿರಿಯರೊಬ್ಬರು, ಹುಬ್ಬಳ್ಳಿ

ಹಿರಿಯರೇ, ಖಾರವಾಗಿಯೇ ಬರೆಯುತ್ತೇನೆ. ಅದು ಯಾರ ತಟ್ಟೆಗೆ ಬೀಳುತ್ತದೋ ಗೊತ್ತಿಲ್ಲ.

ಹುಡುಗರ ವಿಷಯ ನೀವು ಹೇಳಿದ್ದು ಸುಳ್ಳಲ್ಲ, ಕರೆದು ಬುದ್ಧಿ ಹೇಳಿ. ಆದರೆ ಅವರ ವೇಷ ಒಂದು ವಾರವೂ ನಿಲ್ಲಲಿಲ್ಲ, ನಿಮ್ಮ ಕಣ್ಣಿಗೇ ಬಿತ್ತಲ್ಲ! ಸಿಕ್ಕಿಬಿದ್ದವನಿಗೆ ಅತ್ತು ತಿರುಗಿಕೊಳ್ಳಲು ದಾರಿಯಿದೆ. ಮತ್ತಾಯ 23ರಲ್ಲಿ ಯೇಸು ಮತ್ತೆ ಮತ್ತೆ ‘ಕಪಟಿಗಳೇ’ ಎಂದು ಗದರಿದ್ದು ಊರೆಲ್ಲ ಪಾಪಿಗಳೆನ್ನುತ್ತಿದ್ದ ಸುಂಕದವರನ್ನಲ್ಲ, ಸಭಾಮಂದಿರದ ಮುಂದಿನ ಸಾಲಿನ ಶಾಸ್ತ್ರಿಗಳನ್ನು, ಫರಿಸಾಯರನ್ನು. ಉಪವಾಸ, ದಶಮಾಂಶ, ಪ್ರಾರ್ಥನೆ, ಅವರ ಲೆಕ್ಕವೆಲ್ಲ ಚೊಕ್ಕ. ಲೆಕ್ಕ ಚೊಕ್ಕವಿದ್ದವನು ಕ್ಷಮೆ ಯಾಕೆ ಕೇಳಿಯಾನು? ನನಗೆ ಭಯ ಹುಟ್ಟಿಸುವುದು ಇದೇ.

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬ ಹೊಲ ಮಾರಿ ಹಣವನ್ನು ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಪಾದದ ಬಳಿ ತಂದಿಟ್ಟ. ಬೆನ್ನಿಗೇ ಅನನೀಯನೂ ಭೂಮಿ ಮಾರಿದ, ಒಂದು ಪಾಲನ್ನು ಒಳಗಿಟ್ಟುಕೊಂಡು ಪೂರ್ತಿ ಕೊಟ್ಟವನಂತೆ ನಿಂತ. ಇಟ್ಟುಕೊಂಡದ್ದು ತಪ್ಪಲ್ಲ, ಹಣ ನಿನ್ನದೇ ಆಗಿತ್ತಲ್ಲ ಎಂದು ಅಪೊಸ್ತಲ ಪೇತ್ರನೇ ಹೇಳುತ್ತಾನೆ; ತಪ್ಪಿದ್ದದ್ದು ಆ ನಟನೆಯಲ್ಲಿ. ನಮ್ಮಲ್ಲಂತೂ ಗೋಡೆ ಗಡಿಯಾರ, ಫ್ಯಾನಿನ ರೆಕ್ಕೆ, ಬೆಂಚಿನ ಬೆನ್ನು, ಎಲ್ಲೆಲ್ಲೂ ದಾನಿಗಳ ಹೆಸರು. ಒಂದು ಕಡೆ ಟ್ಯೂಬ್‌ಲೈಟಿನ ಮೇಲೆ ‘ತಂದೆತಾಯಿಯವರ ಜ್ಞಾಪಕಾರ್ಥ’ ಎಂದು ಎಷ್ಟು ದಪ್ಪಗೆ ಬರೆಸಿದ್ದರೆಂದರೆ, ಕೆಳಗೆ ಕೂತವರಿಗೆ ಕೀರ್ತನೆ ಪುಸ್ತಕ ಓದಲು ಬೆಳಕು ಸಾಲದು. ಹೋಗಲಿ.

ಈಗ ಗಲಾತ್ಯ 2 ತೆಗೆಯಿರಿ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯನಾದ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಊಟಕ್ಕೆ ಕೂರುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದರು, ಅವರಿಗೆ ಹೆದರಿ ಪೇತ್ರ ಮೆಲ್ಲಗೆ ಹಿಂದೆ ಸರಿದ. ಉಳಿದ ಯೆಹೂದ್ಯರೂ ಎದ್ದರು. ಹೊಲದ ಹಣವನ್ನೇ ತಂದಿಟ್ಟ ಆ ಬಾರ್ನಬನೂ ಎದ್ದ! ಒಳ್ಳೆಯವರನ್ನೂ ಎಳೆದುಕೊಂಡು ಹೋಗುವ ಪಾಪ ಇದು. ಅಪೊಸ್ತಲ ಪೌಲ ಎಲ್ಲರೆದುರಿಗೇ ಪೇತ್ರನ ಮುಖಕ್ಕೆ ತಪ್ಪೆಂದು ಹೇಳಿದ. ನಮ್ಮ ಸಭೆಗಳಲ್ಲಿ ಹಾಗೆ ಹೇಳಿದವನನ್ನು ಕಮಿಟಿಯಿಂದ ತೆಗೆಯುತ್ತಾರೆ.

ನಮ್ಮ ನಾಡಿನ ಪಂಕ್ತಿಭೇದ ನಿಮಗೆ ಗೊತ್ತೇ ಇದೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಕೂಡಲೇ ನಿಲ್ಲಬೇಕೆಂದು ದಕ್ಷಿಣದ ಸಭೆಗಳಿಗೆ ಬರೆದರು. ತಂಜಾವೂರಿನ ಕಡೆ ಎಷ್ಟೋ ಜನ ಸಭೆಯನ್ನೇ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ಅವರನ್ನು ಕಪಟಿಗಳೆನ್ನಲಾರೆ, ಎದುರಿಗೇ ಹೇಳಿ ಹೋದರು. ಉಳಿದುಕೊಂಡು, ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡು, ಮನೆಗೆ ಬಂದು ಜಾತಿ ನೋಡಿ ಸಂಬಂಧ ಹುಡುಕುವವರ ಮಾತು ಬೇರೆ.

ಈ ಪತ್ರಿಕೆಗೆ ಬರುವ ವಧು-ವರ ಜಾಹೀರಾತುಗಳನ್ನು ನೀವೊಮ್ಮೆ ಅಚ್ಚಿಗೆ ಮುಂಚೆ ನೋಡಬೇಕು. ‘ದೇವಭಯವುಳ್ಳ, ರಕ್ಷಣೆ ಹೊಂದಿದ ಕನ್ಯೆ ಬೇಕು’ ಎಂದು ಮೊದಲ ಸಾಲು, ಕೊನೆಯಲ್ಲಿ ಮೂಲ ಜಾತಿಯ ಹೆಸರು, ‘ಅವರಿಗೆ ಆದ್ಯತೆ’. ಆ ಸಾಲನ್ನು ಹೊಡೆದುಹಾಕಿಯೇ ಅಚ್ಚು ಮಾಡುತ್ತೇವೆ. ಮರುದಿನ ಫೋನ್ ಬರುತ್ತದೆ: ‘ನಮಗೇನೂ ಇಲ್ಲ ಸಾರ್, ಮನೆಯಲ್ಲಿ ಹಿರಿಯರಿದ್ದಾರೆ.’ ಹೀಗೆ ಫೋನ್ ಮಾಡುವವರಲ್ಲಿ ಶನಿವಾರ ರಾತ್ರಿಯ ಹುಡುಗರು ಯಾರೂ ಇಲ್ಲ, ಎಲ್ಲ ನಮ್ಮ ವಯಸ್ಸಿನವರೇ.