ತಾಯಿ ಕಡೆಯವರನ್ನು ಕೇಳಿದಿರಾ?

ಕಟಪಾಡಿಯ ಓದುಗರೊಬ್ಬರ ಪತ್ರದಿಂದ: “ಅಪ್ಪ 61ಕ್ಕೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಹೋದರು. ದೊಡ್ಡಪ್ಪನಿಗೂ ಅದೇ. ನನಗೀಗ 44. ಜೀನ್ ಟೆಸ್ಟ್ ಮಾಡಿಸಿದರೆ ಎಲ್ಲ ಗೊತ್ತಾಗುವುದಲ್ಲವೇ?”

ಮಾಡಿಸಿ, ಬೇಡ ಅನ್ನುವುದಿಲ್ಲ. ಮಣಿಪಾಲದ ಮೆಡಿಕಲ್ ಜೆನೆಟಿಕ್ಸ್ ವಿಭಾಗ ನಿಮಗೆ ಹತ್ತಿರವೇ. ತಂದೆಗಿದ್ದರೆ ಮಗನಿಗೆ ಅಪಾಯ ಸುಮಾರು ಇಮ್ಮಡಿ. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ಡಾಕ್ಟರರ ಹತ್ತಿರ ಮಾತಾಡಲು 50 ತುಂಬುವವರೆಗೆ ಕಾಯಬೇಡಿ. ಆದರೆ “ಎಲ್ಲ” ಗೊತ್ತಾಗುವುದಿಲ್ಲ. ನಾರ್ಡಿಕ್ ದೇಶಗಳ ಅವಳಿಗಳ ಮೇಲಿನ 2016ರ ಅಧ್ಯಯನ ಈ ಕ್ಯಾನ್ಸರಿನಲ್ಲಿ ಆನುವಂಶಿಕತೆಯ ಪಾಲು ಶೇ. 57 ಎಂದಿತು. ಒಂದೇ ಜೀನಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಮನೆಗಳು ಮಾತ್ರ ಕಡಿಮೆ.

ನನ್ನ ತಕರಾರು ಬೇರೆ. ನಾಲ್ಕು ಪುಟ ಬರೆದಿದ್ದೀರಿ. ಅಪ್ಪ, ದೊಡ್ಡಪ್ಪ, ಅಜ್ಜ, ಅಜ್ಜನ ತಮ್ಮ. ತಾಯಿಯ ಬಗ್ಗೆ ಒಂದು ಸಾಲಿಲ್ಲ! ಪತ್ರದ ಕೆಳಗೆ ಹೆಮ್ಮೆಯಿಂದ ಬಳಿಯ, ಅಂದರೆ ಕುಲದ, ಹೆಸರು ಬರೆದಿದ್ದೀರಲ್ಲ, ಅದು ತಾಯಿಯದ್ದೇ ತಾನೆ? ದೈವದ ಮುಂದೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟು, ಡಾಕ್ಟರರ ಮುಂದೆ ತಂದೆಯ ಕಡೆಯಿಂದ ಎಣಿಸುವ ಮಕ್ಕಳಕಟ್ಟೇ?

ಬಿಆರ್‌ಸಿಎ2 ಎಂಬ ಜೀನನ್ನು 1995ರಲ್ಲಿ ಗುರುತಿಸಿದ್ದು ಸ್ತನ ಕ್ಯಾನ್ಸರಿನ ಮನೆಗಳನ್ನು ಶೋಧಿಸುತ್ತ. ಅದು ಕೆಟ್ಟರೆ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಭಯ ಹೆಚ್ಚು. ಬಂದರೆ ಬೇಗ, ಜೋರಾಗಿ ಬರುವುದುಂಟು. ಅದಿರುವುದು 13ನೇ ಕ್ರೋಮೋಸೋಮಿನಲ್ಲಿ, ಅಪ್ಪನಿಂದ ಬರುವಷ್ಟೇ ಸಲೀಸಾಗಿ ಅಮ್ಮನಿಂದಲೂ ಬರುತ್ತದೆ. ಅಮ್ಮನಿಗೆ ಪ್ರಾಸ್ಟೇಟ್ ಗ್ರಂಥಿಯೇ ಇಲ್ಲ. ಸುಳಿವು ಸಿಗುವುದಿದ್ದರೆ ಚಿಕ್ಕಮ್ಮಂದಿರ ಎದೆಯ ಗಂಟಿನಲ್ಲಿ.

ನಮ್ಮ ಮನೆಯಲ್ಲಿ ಸೋದರಮಾವ “ಮೂತ್ರ ಕಟ್ಟಿ” ಹೋದರು. ಅಜ್ಜಿಯ ತಂಗಿ “ಹೆಂಗಸರ ಕಾಯಿಲೆ”ಯಲ್ಲಿ. ನಲವತ್ತು ವರ್ಷ ಇಷ್ಟೇ ಗೊತ್ತಿತ್ತು. ಮೊನ್ನೆ ಚಿಕ್ಕಮ್ಮ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಸ್ವರ ತಗ್ಗಿಸಿ, “ಎದೆಯಲ್ಲಿ ಗಡ್ಡೆ ಮಾರಾಯ, ಕೋಣೆಯ ಹತ್ತಿರ ಹೋಗಲಿಕ್ಕಾಗುತ್ತಿರಲಿಲ್ಲ” ಎಂದರು. ಯಾವ ಲ್ಯಾಬಿನ ವರದಿಯಲ್ಲೂ ಈ ಸಾಲು ಬರುವುದಿಲ್ಲ, ಸ್ವಾಮಿ.

ಲಕ್ಷಗಟ್ಟಲೆ ಸುರಿದು ಕುಟುಂಬದ ದೈವಸ್ಥಾನದ ಬ್ರಹ್ಮಕಲಶೋತ್ಸವ ಮಾಡುತ್ತೇವೆ. ಸ್ಮರಣ ಸಂಚಿಕೆಯಲ್ಲಿ ಏಳು ತಲೆಮಾರಿನ ವಂಶವೃಕ್ಷ, ಬಣ್ಣದಲ್ಲಿ. ಯಾರು ಯಾವ ವಯಸ್ಸಿಗೆ ಯಾವ ಕಾಯಿಲೆಯಿಂದ ಹೋದರು? ಬರೆದರೆ ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲವಂತೆ!

ನಿಮ್ಮನ್ನಷ್ಟೇ ಬೈದರೆ ತಪ್ಪಾದೀತು. ಕಳೆದ ತಿಂಗಳು ನಮ್ಮ ಪತ್ರಿಕೆಯ ನಿಧನ ವಾರ್ತೆಗೆ ಮಗಳೊಬ್ಬಳು “ಸ್ತನ ಕ್ಯಾನ್ಸರಿನಿಂದ” ಎಂದೇ ಬರೆದು ಕಳಿಸಿದ್ದಳು. “ಅಲ್ಪಕಾಲದ ಅಸೌಖ್ಯದಿಂದ” ಎಂದು ತಿದ್ದಿ ಅಚ್ಚಿಗೆ ಕೊಟ್ಟವನು ನಾನೇ.